ಒಂದು ದೊಡ್ಡ ಸಂಖ್ಯೆಯನ್ನು ಪೂರ್ತಿ ಬಿಚ್ಚಿ ನೋಡುವುದು ಹೇಗೆ: ಮಣಿಪಾಲದ 576104ರ ಮೇಲೆ ಹಂತ ಹಂತವಾಗಿ

ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಯ ಜಗಲಿಗೆ ಗಣಿತದ ಪುಸ್ತಕ ಹಿಡಿದು ಬರುವ ಪಿಯುಸಿ ಮಕ್ಕಳಿಗೆ ನಾನು ಪ್ರತಿ ವರ್ಷವೂ ಒಂದೇ ಕೆಲಸ ಕೊಡುತ್ತೇನೆ: ನಿಮ್ಮ ಊರಿನ ಪಿನ್‌ಕೋಡನ್ನು ಬರಿಯ ಸಂಖ್ಯೆಯೆಂದು ಭಾವಿಸಿ, ಅದರ ಗುಣಗಳನ್ನು ಎಷ್ಟು ಸಾಧ್ಯವೋ ಅಷ್ಟು ಬರೆದು ತನ್ನಿ. ಕೂಡಿಸಿ ಗುಣಿಸುವುದರಲ್ಲಿ ಇವರು ಹಿಂದೆ ಬಿದ್ದವರೇನಲ್ಲ. ಆದರೂ ಹತ್ತು ಪುಸ್ತಕಗಳಲ್ಲಿ ಏಳೆಂಟು ಒಂದೇ ಜಾಗದಲ್ಲಿ ಎಡವಿರುತ್ತವೆ, ಎಡವಿದ್ದು ಬರೆದವರಿಗೆ ಗೊತ್ತೇ ಆಗಿರುವುದಿಲ್ಲ. ತಪ್ಪು ಹೆಚ್ಚಾಗಿ ಲೆಕ್ಕದಲ್ಲಿರುವುದಿಲ್ಲ. ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿರುತ್ತದೆ. ಆದ್ದರಿಂದ ಮಣಿಪಾಲದ ಪಿನ್‌ಕೋಡ್ ಆದ 576104 ಎಂಬ ಒಂದೇ ಸಂಖ್ಯೆಯನ್ನು ಹಿಡಿದು, ಕೆಲಸದ ಕ್ರಮವನ್ನು ಮೊದಲಿನಿಂದ ಕೊನೆಯ ತನಕ ಇಲ್ಲಿ ಬರೆದಿದ್ದೇನೆ.

ಬೇಕಾದ ಪರಿಕರಗಳು

ಚೌಕುಳಿ ಗೆರೆಯ ಪುಸ್ತಕ, ಪೆನ್ಸಿಲ್, ಅಂಗಡಿಗಳಲ್ಲಿ ಬಳಸುವ ಸಾಮಾನ್ಯ ಕ್ಯಾಲ್ಕುಲೇಟರ್, ಮತ್ತು 100ರ ಒಳಗಿನ 25 ಅವಿಭಾಜ್ಯ ಸಂಖ್ಯೆಗಳ ಪಟ್ಟಿ. ಇಷ್ಟು ಸಾಕು. ಪಟ್ಟಿಯನ್ನು ನೆನಪಿನಿಂದ ಬರೆಯುವವರು 51, 57, 87, 91 ಇವು ನುಸುಳಿವೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಇವು ನಾಲ್ಕೂ ಅವಿಭಾಜ್ಯಗಳಲ್ಲ, ಆದರೆ ನಾಲ್ಕೂ ಅವಿಭಾಜ್ಯದ ವೇಷ ಹಾಕಿಕೊಂಡೇ ಬರುತ್ತವೆ.

ಕಂಪ್ಯೂಟರ್ ಬಳಸುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ; 16 ಅಂಕಿಗಳ ಸಂಖ್ಯೆಯನ್ನು ಅದರಲ್ಲಿ ಟೈಪ್ ಮಾಡಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಆ ಮೇಲೆ ನೀವು ಪರೀಕ್ಷಿಸುತ್ತಿರುವುದು ನಿಮ್ಮ ಸಂಖ್ಯೆಯನ್ನಲ್ಲ. ಆರು ಅಂಕಿಗಳ ಕೆಲಸಕ್ಕೆ ಈ ಅಪಾಯವಿಲ್ಲ.

ಹಂತ 1: ಸಂಖ್ಯೆಯನ್ನು ಸರಿಯಾಗಿ ಇಳಿಸಿಕೊಳ್ಳುವುದು

ಲಕೋಟೆಯ ಮೇಲೆ ಪಿನ್‌ಕೋಡನ್ನು 576 104 ಎಂದು ನಡುವೆ ಜಾಗ ಬಿಟ್ಟು ಬರೆಯುತ್ತಾರೆ. ನಿಮ್ಮ ಪುಸ್ತಕದಲ್ಲಿ ಅದನ್ನು 5,76,104 ಎಂದು ಬರೆದು, "ಐದು ಲಕ್ಷದ ಎಪ್ಪತ್ತಾರು ಸಾವಿರದ ನೂರ ನಾಲ್ಕು" ಎಂದು ಒಮ್ಮೆ ಬಾಯಿಬಿಟ್ಟು ಓದಿರಿ. ಓದುವಾಗ ತಡವರಿಸಿದರೆ ಬರೆಯುವಾಗಲೂ ಎಲ್ಲೋ ತಪ್ಪಿದ್ದೀರಿ ಎಂದೇ ತಿಳಿಯಬೇಕು.

ಕೊನೆಯ ಮೂರು ಅಂಕಿಗಳನ್ನು ಅದಲುಬದಲು ಮಾಡಿ 576014 ಎಂದು ಬರೆದುಕೊಳ್ಳುವುದು ಅತಿ ಸಾಮಾನ್ಯವಾದ ತಪ್ಪು. ಅಂಕಿಗಳ ಮೊತ್ತ ಎರಡರಲ್ಲೂ ಒಂದೇ ಆಗಿರುವುದರಿಂದ, ಮೊತ್ತ ನೋಡಿ ತಾಳೆ ಹಾಕುವವರಿಗೆ ಇದು ಸಿಕ್ಕುವುದಿಲ್ಲ. ಇದನ್ನು ಹಿಡಿಯುವ ಉಪಾಯ ಹಂತ 5ರಲ್ಲಿದೆ.

ಹಂತ 2: ವರ್ಗಮೂಲದ ಗಡಿಯನ್ನು ಗುರುತಿಸುವುದು

ಯಾವ ಭಾಗಾಕಾರವನ್ನೂ ಶುರು ಮಾಡುವ ಮೊದಲು ಸಂಖ್ಯೆಯ ವರ್ಗಮೂಲದ ಪೂರ್ಣಾಂಕ ಭಾಗವನ್ನು ಕಂಡುಕೊಳ್ಳಬೇಕು. 759 × 759 = 576081. 760ರ ವರ್ಗ 577600, ಅದು ನಮ್ಮ ಸಂಖ್ಯೆಯನ್ನು ದಾಟಿತು. ಹಾಗಾಗಿ 576104 ಪೂರ್ಣವರ್ಗವಲ್ಲ. ಅದು 759ರ ವರ್ಗಕ್ಕಿಂತ 23 ಹೆಚ್ಚು.

ಈ ಗಡಿಯ ಉಪಯೋಗವಿಷ್ಟೆ: ಒಂದು ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ, ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ, ಆದ್ದರಿಂದ 759ರ ತನಕ ಹುಡುಕಿ ಏನೂ ಸಿಗದಿದ್ದರೆ ಸಂಖ್ಯೆ ಅವಿಭಾಜ್ಯವೆಂದು ಧೈರ್ಯವಾಗಿ ಹೇಳಬಹುದು. 759ರ ಒಳಗೆ 134 ಅವಿಭಾಜ್ಯಗಳಿವೆ. ಗಾಬರಿಯಾಗಬೇಡಿ, ನಮಗೆ ಅಷ್ಟೂ ಬೇಕಾಗುವುದಿಲ್ಲ.

ಉಳಿದ 23ನ್ನು ಹೆಚ್ಚಿನವರು ನೋಡಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಿಡಬಾರದು. 759ನ್ನು ಒಡೆದರೆ 23 × 33. ಅಂದರೆ 759ರ ವರ್ಗವೂ 23ರ ಗುಣಕ, ಉಳಿದದ್ದೂ 23, ಹಾಗಾದರೆ ಪೂರ್ತಿ ಸಂಖ್ಯೆಯೇ 23ರಿಂದ ಭಾಗವಾಗಲೇಬೇಕು. ಒಂದೂ ಭಾಗಾಕಾರ ಮಾಡದೆ ಒಂದು ಅವಿಭಾಜ್ಯ ಅಪವರ್ತನ ಕೈಗೆ ಬಂತು. ಎಲ್ಲ ಸಂಖ್ಯೆಗಳಲ್ಲೂ ಇಂತಹ ಅದೃಷ್ಟ ಇರುವುದಿಲ್ಲವಾದರೂ, ವರ್ಗಮೂಲಕ್ಕೂ ಉಳಿದ ಸಂಖ್ಯೆಗೂ ಸಾಮಾನ್ಯ ಅಪವರ್ತನ ಇದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು.

ಹಂತ 3: ಭಾಗಿಸದೆ ತಿಳಿಯುವ ಪರೀಕ್ಷೆಗಳು

ಮೊದಲು 2ರ ಘಾತಗಳು. ಕೊನೆಯ ಮೂರು ಅಂಕಿಗಳಾದ 104 ಎಂಟರಿಂದ ಭಾಗವಾಗುತ್ತದೆ, ಹಾಗಾಗಿ ಸಂಖ್ಯೆಯೂ ಭಾಗವಾಗುತ್ತದೆ. ಕೊನೆಯ ನಾಲ್ಕು ಅಂಕಿಗಳಾದ 6104 ಹದಿನಾರರಿಂದ ಭಾಗವಾಗುವುದಿಲ್ಲ. ಆದ್ದರಿಂದ ಇದರಲ್ಲಿರುವುದು 2ರ ಮೂರನೆಯ ಘಾತ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. "ಸಮಸಂಖ್ಯೆ" ಎಂದಷ್ಟೇ ಬರೆದು ಮುಂದೆ ಹೋದವರು ಹಂತ 6ರಲ್ಲಿ ಪೆಟ್ಟು ತಿನ್ನುತ್ತಾರೆ.

ಅಂಕಿಗಳ ಮೊತ್ತ 5 + 7 + 6 + 1 + 0 + 4 = 23. ಇದು 3ರಿಂದ ಭಾಗವಾಗದ ಕಾರಣ 3 ಇಲ್ಲ, 9 ಇಲ್ಲ. ಕೊನೆಯ ಅಂಕಿ 4 ಇರುವುದರಿಂದ 5 ಇಲ್ಲ.

7, 11, 13 ಈ ಮೂರಕ್ಕೂ ಒಂದೇ ಪರೀಕ್ಷೆ ಸಾಕು, ಏಕೆಂದರೆ ಇವುಗಳ ಗುಣಲಬ್ಧ 1001. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿಸಿ ಇನ್ನೊಂದನ್ನು ಕಳೆಯಬೇಕು. ಇಲ್ಲಿ 576 − 104 = 472. ಇದನ್ನು 7ರಿಂದ ಭಾಗಿಸಿದರೆ ಶೇಷ 3, 11ರಿಂದ 10, 13ರಿಂದ 4. ಮೂರೂ ಇಲ್ಲ.

ಇದೇ ಧಾಟಿಯ ಇನ್ನೊಂದು ಪರೀಕ್ಷೆ 101ಕ್ಕೆ ಇದೆ. ಪಠ್ಯಪುಸ್ತಕಗಳಲ್ಲಿ ಇದು ಕಾಣಸಿಗುವುದು ಕಡಿಮೆ. ಬಲದಿಂದ ಎರಡೆರಡು ಅಂಕಿಗಳ ಜೋಡಿ ಮಾಡಿ: 57, 61, 04. ಈಗ ಒಂದು ಬಿಟ್ಟು ಒಂದನ್ನು ಕೂಡಿಸಿ, ನಡುವಿನದನ್ನು ಕಳೆಯಿರಿ: 57 − 61 + 4 = 0. ಸೊನ್ನೆ ಬಂದರೆ ಅಥವಾ 101ರ ಗುಣಕ ಬಂದರೆ ಸಂಖ್ಯೆ 101ರಿಂದ ಭಾಗವಾಗುತ್ತದೆ. ಮಣಿಪಾಲದ ಸಂಖ್ಯೆಯಲ್ಲಿ ನಡುವಿನ ಜೋಡಿ ಎರಡು ಬದಿಯ ಜೋಡಿಗಳ ಮೊತ್ತವಾಗಿಯೇ ಕೂತಿದೆ. ಇದರ ಕಾರಣವೂ ಕಣ್ಣಿಗೆ ಕಾಣುವಂತಿದೆ: 5704ನ್ನು 101ರಿಂದ ಗುಣಿಸುವುದೆಂದರೆ 570400ಕ್ಕೆ 5704ನ್ನು ಕೂಡಿಸುವುದು, ಮೊತ್ತ 576104.

ಹಂತ 4: ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು

ಈ ಹಂತವೇ ಎಲ್ಲದಕ್ಕೂ ಅಡಿಪಾಯ. ಇಲ್ಲಿ ತಪ್ಪಿದರೆ ಮುಂದಿನ ಆರು ಹಂತಗಳೂ ತಪ್ಪುತ್ತವೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ. 2ನೆಯ ಮತ್ತು 3ನೆಯ ಹಂತಗಳಲ್ಲಿ 23 ಮತ್ತು 101 ಸಿಕ್ಕಿದ್ದನ್ನು ಸದ್ಯಕ್ಕೆ ಮರೆತು, ಯಾವ ಸಂಖ್ಯೆಗೂ ಒಗ್ಗುವ ಸಾಮಾನ್ಯ ದಾರಿಯಲ್ಲೇ ನಡೆಯಿರಿ. ಸಿಕ್ಕಿದ ಸುಳಿವುಗಳು ಕೊನೆಗೆ ತಾಳೆಗೆ ಬರುತ್ತವೆ.

ಎಂಟರಿಂದ ಭಾಗಿಸಿದರೆ 72013. ಇನ್ನು ಮುಂದೆ 576104ನ್ನು ಮುಟ್ಟಬಾರದು. ಕೈಯಲ್ಲಿರುವುದು 72013, ಅದರ ವರ್ಗಮೂಲದ ಗಡಿ 268. ಮೂಲ ಸಂಖ್ಯೆಯನ್ನೇ ಮತ್ತೆ ಮತ್ತೆ ಭಾಗಿಸುತ್ತಾ ಹೋಗುವುದು ನಾನು ಕಂಡ ತಪ್ಪುಗಳಲ್ಲಿ ಅತ್ಯಂತ ದುಬಾರಿಯಾದದ್ದು. ಸಂಖ್ಯೆ ಕುಗ್ಗಿದಂತೆ ಗಡಿಯೂ ಕುಗ್ಗಬೇಕು.

ಈಗ 72013ನ್ನು ಕ್ರಮವಾಗಿ ಭಾಗಿಸಿದರೆ 7ಕ್ಕೆ ಶೇಷ 4, 11ಕ್ಕೆ 7, 13ಕ್ಕೆ 6, 17ಕ್ಕೆ 1, 19ಕ್ಕೆ 3, ಕೊನೆಗೆ 23ಕ್ಕೆ ಶೇಷವಿಲ್ಲ. ಭಾಗಲಬ್ಧ 3131. ಗಡಿ ಒಮ್ಮೆಲೇ 268ರಿಂದ 55ಕ್ಕೆ ಇಳಿಯಿತು.

ಮಕ್ಕಳು ನಿಲ್ಲುವುದು ಇಲ್ಲಿ. ಕಳೆದ ವರ್ಷ ಪರ್ಕಳದಿಂದ ಬರುತ್ತಿದ್ದ ಒಬ್ಬ ಹುಡುಗಿಯ ಪುಸ್ತಕದಲ್ಲಿ 3131ರ ಸುತ್ತ ಕೆಂಪು ಶಾಯಿಯ ಚೌಕ ಇತ್ತು, ಕೆಳಗೆ ಎರಡು ಗೆರೆ ಬೇರೆ. "ಇದು ಯಾವುದರಿಂದಲೂ ಹೋಗುದಿಲ್ಲ ಸರ್, ನಾನು ನೋಡಿದ್ದೇನೆ" ಎಂದಳು. ಏನೇನು ನೋಡಿದ್ದೀ ಎಂದು ಕೇಳಿದರೆ 3, 7, 11, 13. ಅಷ್ಟೇ. ಗಡಿ 55 ಇರುವಾಗ 13ಕ್ಕೆ ನಿಲ್ಲಿಸಲು ಯಾವ ಕಾರಣವೂ ಇಲ್ಲ, ಬೇಸರವೊಂದನ್ನು ಬಿಟ್ಟು.

3131ಕ್ಕೆ ಮತ್ತೆ 2ರಿಂದ ಶುರು ಮಾಡಬೇಕಾಗಿಲ್ಲ. 23ಕ್ಕಿಂತ ಚಿಕ್ಕ ಅವಿಭಾಜ್ಯಗಳು 72013ನ್ನೇ ಭಾಗಿಸಲಿಲ್ಲ ಎಂದ ಮೇಲೆ ಅದರ ಒಂದು ತುಂಡಾದ 3131ನ್ನೂ ಭಾಗಿಸಲಾರವು. ಆದರೆ 23ನ್ನು ಇನ್ನೊಮ್ಮೆ ನೋಡಲೇಬೇಕು, ಏಕೆಂದರೆ ಒಂದೇ ಅವಿಭಾಜ್ಯ ಎರಡು ಸಲ ಬರಬಹುದು. 23ಕ್ಕೆ ಶೇಷ 3. 29ಕ್ಕೆ ಶೇಷ 28. 31ಕ್ಕೆ ಶೇಷವಿಲ್ಲ, ಭಾಗಲಬ್ಧ 101. ಈಗ ಗಡಿ 10, ಅದು ಈಗಾಗಲೇ ದಾಟಿದ ಗಡಿ. ಆದ್ದರಿಂದ 101 ಅವಿಭಾಜ್ಯ, ಕೆಲಸ ಮುಗಿಯಿತು.

576104 = 2³ × 23 × 31 × 101

134 ಅವಿಭಾಜ್ಯಗಳ ಪಟ್ಟಿಯಲ್ಲಿ ನಾವು ನಿಜವಾಗಿ ಮುಟ್ಟಿದ್ದು 2ರಿಂದ 31ರ ತನಕದ 11ನ್ನು ಮಾತ್ರ.

ಶೇಷ ತೆಗೆಯುವ ಬಗೆಯ ಬಗ್ಗೆ ಒಂದು ಮಾತು. 3131 ÷ 29 ಎಂದು ಎಂಟು ಅಂಕಿಗಳ ಕ್ಯಾಲ್ಕುಲೇಟರಿನಲ್ಲಿ ಒತ್ತಿದರೆ 107.96551 ಬರುತ್ತದೆ. ಕೆಲವರು ದಶಮಾಂಶ ಭಾಗವನ್ನು ಮಾತ್ರ ತೆಗೆದು 29ರಿಂದ ಗುಣಿಸುತ್ತಾರೆ, 27.99979 ಬರುತ್ತದೆ, ಶೇಷ 27 ಎಂದು ಬರೆಯುತ್ತಾರೆ. ಸರಿಯಾದ ಶೇಷ 28. ದಶಮಾಂಶವನ್ನು ನಂಬದೆ 107 × 29 = 3103 ಎಂದು ಗುಣಿಸಿ, 3131ರಿಂದ ಕಳೆಯುವುದೇ ಸುರಕ್ಷಿತವಾದ ದಾರಿ.

ಹಂತ 5: ಮುಂದೆ ಹೋಗುವ ಮೊದಲು ತಾಳೆ

ಅಪವರ್ತನಗಳನ್ನು ಮತ್ತೆ ಗುಣಿಸಿ ನೋಡುವುದು ಒಂದು ವಿಧಾನ. ಅದಕ್ಕಿಂತ ಬೇಗನೆ ಆಗುವುದು ಒಂಬತ್ತರ ಶೇಷದ ತಾಳೆ. 576104ರ ಅಂಕಿಗಳ ಮೊತ್ತ 23, ಅದರ ಅಂಕಿಗಳ ಮೊತ್ತ 5. ಇನ್ನೊಂದು ಬದಿಯಲ್ಲಿ 8, 23ಕ್ಕೆ 5, 31ಕ್ಕೆ 4, 101ಕ್ಕೆ 2. ಇವುಗಳ ಗುಣಲಬ್ಧ 320, ಅದರ ಅಂಕಿಗಳ ಮೊತ್ತ 5. ಹೊಂದಿತು.

ಆದರೆ ಅಂಕಿಗಳು ಅದಲುಬದಲಾದ ತಪ್ಪನ್ನು ಇದು ಹಿಡಿಯಲಾರದು. ಅದಕ್ಕೆ ಹನ್ನೊಂದರ ಶೇಷ ಬೇಕು. ಬಲದಿಂದ ಒಂದು ಬಿಟ್ಟು ಒಂದು ಕೂಡಿಸಿ ಕಳೆದರೆ 4 − 0 + 1 − 6 + 7 − 5 = 1. ಅಪವರ್ತನಗಳ ಬದಿಯಲ್ಲಿ 8, 1, 9, 2. ಗುಣಲಬ್ಧ 144, ಅದನ್ನು 11ರಿಂದ ಭಾಗಿಸಿದರೆ ಶೇಷ 1. ಇದೂ ಹೊಂದಿತು. ಹಂತ 1ರಲ್ಲಿ ಹೇಳಿದ 576014ಕ್ಕೆ ಇದೇ ಲೆಕ್ಕ ಹಾಕಿದರೆ −1, ಅಂದರೆ ಶೇಷ 10 ಬರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಎರಡೂ ತಾಳೆಗಳನ್ನು ಒಟ್ಟಿಗೆ ಮಾಡುವುದು ರೂಢಿಯಾಗಲಿ.

ಹಂತ 6: ಅಪವರ್ತನಗಳ ಎಣಿಕೆ ಮತ್ತು ಪಟ್ಟಿ

ಪ್ರತಿ ಘಾತಸೂಚಿಗೆ ಒಂದನ್ನು ಕೂಡಿಸಿ ಗುಣಿಸಬೇಕು: 4 × 2 × 2 × 2 = 32. ಒಂದನ್ನು ಏಕೆ ಕೂಡಿಸಬೇಕೆಂದರೆ, 2ನ್ನು ಮೂರು ಸಲ, ಎರಡು ಸಲ, ಒಂದು ಸಲ ತೆಗೆದುಕೊಳ್ಳುವಂತೆಯೇ ಒಂದೂ ಸಲ ತೆಗೆದುಕೊಳ್ಳದಿರುವುದೂ ಒಂದು ಆಯ್ಕೆ. ಒಂದನ್ನು ಕೂಡಿಸಲು ಮರೆತವರಿಗೆ ಉತ್ತರ 3 ಬರುತ್ತದೆ. ಅಪವರ್ತನಗಳ ಎಣಿಕೆ ಬೆಸಸಂಖ್ಯೆಯಾಗುವುದು ಪೂರ್ಣವರ್ಗಗಳಿಗೆ ಮಾತ್ರ. 576104 ಪೂರ್ಣವರ್ಗವಲ್ಲ ಎಂದು ಹಂತ 2ರಲ್ಲೇ ತಿಳಿದಿರುವುದರಿಂದ, ಇಲ್ಲಿ ಬೆಸಸಂಖ್ಯೆ ಬಂದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಪಟ್ಟಿ ಮಾಡುವಾಗ ಬೆಸ ಅಪವರ್ತನಗಳನ್ನು ಮೊದಲು ಬರೆಯಿರಿ: 1, 23, 31, 101, 713, 2323, 3131, 72013. ಎಂಟು. ಇವುಗಳ ಕೆಳಗೆ ಒಂದೊಂದು ಸಾಲಿನಲ್ಲಿ ಇಮ್ಮಡಿ, ನಾಲ್ಮಡಿ, ಎಂಟ್ಮಡಿ ಬರೆದರೆ ಚೌಕುಳಿ ಪುಸ್ತಕದಲ್ಲಿ ನಾಲ್ಕು ಸಾಲು, ಎಂಟು ಕಂಬಗಳ ಕೋಷ್ಟಕ ಸಿದ್ಧವಾಗುತ್ತದೆ. ಯಾವ ಅಪವರ್ತನವೂ ತಪ್ಪಿಹೋಗುವುದಿಲ್ಲ. 1ರಿಂದ ಏರಿಕೆಯ ಕ್ರಮದಲ್ಲಿ ನೆನಪಾದಂತೆ ಬರೆಯಹೊರಟವರು ಸಾಮಾನ್ಯವಾಗಿ 404 ಅಥವಾ 1426ನ್ನು ಬಿಡುತ್ತಾರೆ.

ಈ 32 ಅಪವರ್ತನಗಳು 16 ಜೋಡಿಗಳಾಗುತ್ತವೆ. ಅವುಗಳಲ್ಲಿ ಒಂದಕ್ಕೊಂದು ಅತಿ ಹತ್ತಿರವಾದದ್ದು 713 × 808. ಇಷ್ಟು ಅಡಿಕೆಯನ್ನು ಅಂಗಳದಲ್ಲಿ ಆಯತಾಕಾರವಾಗಿ ಹರಡಬೇಕೆಂದರೆ, ಚೌಕಕ್ಕೆ ಅತ್ಯಂತ ಸಮೀಪದ ಆಕಾರ 713 ಸಾಲು, ಸಾಲಿಗೆ 808.

ಹಂತ 7: ಅಪವರ್ತನಗಳ ಮೊತ್ತ, ಅಧಿಕವೋ ನ್ಯೂನವೋ

32 ಸಂಖ್ಯೆಗಳನ್ನು ಕೂಡಿಸಬೇಕಾಗಿಲ್ಲ. ಪ್ರತಿ ಅವಿಭಾಜ್ಯದ ಘಾತಗಳ ಮೊತ್ತ ತೆಗೆದು ಗುಣಿಸಿದರೆ ಸಾಕು: 1 + 2 + 4 + 8 = 15, 1 + 23 = 24, 1 + 31 = 32, 1 + 101 = 102. ಗುಣಲಬ್ಧ 15 × 24 × 32 × 102 = 1175040.

ಇದರಿಂದ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 598936, ಅದು 576104ಕ್ಕಿಂತ 22832 ಹೆಚ್ಚು. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತ ತನಗಿಂತ ಹೆಚ್ಚಿರುವ ಇಂತಹ ಸಂಖ್ಯೆಗೆ ಅಧಿಕ ಸಂಖ್ಯೆ ಎನ್ನುತ್ತಾರೆ. ಕಡಿಮೆಯಿದ್ದರೆ ನ್ಯೂನ, ಸರಿಸಮವಿದ್ದರೆ ಪರಿಪೂರ್ಣ.

8ರ ಜಾಗದಲ್ಲಿ ಬರಿಯ 1 + 2 = 3 ಹಾಕುವುದು ಇಲ್ಲಿನ ಸಾಮಾನ್ಯ ತಪ್ಪು. ಆಗ 3 × 24 × 32 × 102 = 235008 ಬರುತ್ತದೆ. ಅಪವರ್ತನಗಳಲ್ಲಿ ಸಂಖ್ಯೆಯೂ ಸೇರಿರುವಾಗ ಒಟ್ಟು ಮೊತ್ತ ಸಂಖ್ಯೆಗಿಂತ ಕಡಿಮೆಯಾಗುವುದು ಹೇಗೆ? ಉತ್ತರ ಬರೆದ ಕೂಡಲೇ ಈ ಪ್ರಶ್ನೆ ಕೇಳಿಕೊಂಡರೆ ತಪ್ಪು ತಾನಾಗಿ ಹೊರಬೀಳುತ್ತದೆ.

ಆಸಕ್ತಿ ಇರುವವರು ಇನ್ನೊಂದು ಹೆಜ್ಜೆ ಇಡಬಹುದು. ಈ ಸಂಖ್ಯೆ ಅಧಿಕವಾಗಲು 101ರ ಹಂಗೇ ಬೇಕಾಗಿಲ್ಲ. 101ನ್ನು ತೆಗೆದರೆ ಉಳಿಯುವ 5704ರ ಅಪವರ್ತನಗಳ ಮೊತ್ತ 15 × 24 × 32 = 11520; ಅದರಿಂದ 5704 ಕಳೆದರೆ 5816, ಅಂದರೆ 5704 ಆಗಲೇ ಅಧಿಕ. ಅಧಿಕ ಸಂಖ್ಯೆಯ ಎಲ್ಲ ಗುಣಕಗಳೂ ಅಧಿಕ. ಆದರೆ 5704ರಿಂದ ಇನ್ನೇನನ್ನು ತೆಗೆದರೂ ಆ ಗುಣ ಹೋಗುತ್ತದೆ: 23ನ್ನು ತೆಗೆದರೆ 248, 31ನ್ನು ತೆಗೆದರೆ 184, ಒಂದು 2ನ್ನು ತೆಗೆದರೆ 2852, ಮೂರೂ ನ್ಯೂನ. ನನಗೆ ಈ ಸಂಖ್ಯೆಯಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

ಹಂತ 8: ಸಹ-ಅವಿಭಾಜ್ಯಗಳ ಎಣಿಕೆ

1ರಿಂದ 576104ರ ತನಕ ಇರುವ ಸಂಖ್ಯೆಗಳಲ್ಲಿ ಎಷ್ಟಕ್ಕೆ ನಮ್ಮ ಸಂಖ್ಯೆಯೊಡನೆ 1ನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲ? ಆಯ್ಲರ್ ಹೆಸರಿನ ಈ ಲೆಕ್ಕವನ್ನು ಸೋಸುವಿಕೆಯಂತೆ ಮಾಡಿದರೆ ತಪ್ಪುವುದಿಲ್ಲ. ಸಮಸಂಖ್ಯೆಗಳನ್ನು ತೆಗೆದರೆ ಅರ್ಧ, 288052 ಉಳಿಯುತ್ತದೆ. ಅದರಲ್ಲಿ 23ನೆಯ ಒಂದು ಪಾಲು ತೆಗೆದರೆ 275528. ಅದರಲ್ಲಿ 31ನೆಯ ಒಂದು ಪಾಲಾದ 8888 ತೆಗೆದರೆ 266640. ಅದರಲ್ಲಿ 101ನೆಯ ಒಂದು ಪಾಲಾದ 2640 ತೆಗೆದರೆ 264000.

ಉತ್ತರ ಇಷ್ಟು ದುಂಡಗೆ ಬಂದಾಗ ಎಲ್ಲೋ ತಪ್ಪಾಗಿದೆ ಎಂದು ಅನುಮಾನಿಸುವವರಿದ್ದಾರೆ; ಸೂತ್ರದಿಂದ ನೋಡಿದರೂ 4 × 22 × 30 × 100 = 264000. ಇಲ್ಲಿ 2³ಕ್ಕೆ 4 ಬರಬೇಕು, ಏಕೆಂದರೆ 8ರ ಒಳಗಿನ ಬೆಸಸಂಖ್ಯೆಗಳು ನಾಲ್ಕು. 8ರಲ್ಲಿ ಒಂದು ಕಳೆದು 7 ಎಂದು ಹಾಕಿದವರಿಗೆ 462000 ಬರುತ್ತದೆ. ಸಮಸಂಖ್ಯೆಗೆ ಈ ಎಣಿಕೆ ಅರ್ಧಕ್ಕಿಂತ ಹೆಚ್ಚಾಗುವುದು ಅಸಾಧ್ಯ, ಅರ್ಧ 288052. ಆದ್ದರಿಂದ 462000 ನೋಡಿದೊಡನೆ ಹಿಂದೆ ಹೋಗಬೇಕು.

ಹಂತ 9: ವರ್ಗಗಳ ಮೊತ್ತ ಮತ್ತು ವ್ಯತ್ಯಾಸ

576104ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಹೊರಟು ಒಂದು ಇಡೀ ಭಾನುವಾರ ಕಳೆದವರನ್ನು ಬಲ್ಲೆ. ಹುಡುಕುವ ಮೊದಲು ಅವಿಭಾಜ್ಯ ಅಪವರ್ತನಗಳನ್ನು ನೋಡಬೇಕು. 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳೆಲ್ಲ ಸಮ ಘಾತದಲ್ಲಿ ಇದ್ದರೆ ಮಾತ್ರ ಅದು ಸಾಧ್ಯ. 23ಕ್ಕೂ 31ಕ್ಕೂ ಶೇಷ 3, ಎರಡೂ ಒಂದೊಂದೇ ಸಲ ಬಂದಿವೆ. ಆದ್ದರಿಂದ ಸಾಧ್ಯವೇ ಇಲ್ಲ, ಹುಡುಕಾಟ ವ್ಯರ್ಥ.

ಮೂರು ವರ್ಗಗಳ ಮೊತ್ತವಾಗಿ ಬರೆಯಬಹುದು. ಸಂಖ್ಯೆಯಿಂದ 4ರ ಘಾತಗಳನ್ನೆಲ್ಲ ತೆಗೆದ ಮೇಲೆ ಉಳಿದದ್ದು 8ರಿಂದ ಭಾಗಿಸಿದಾಗ ಶೇಷ 7 ಕೊಟ್ಟರೆ ಮಾತ್ರ ಅದು ಆಗುವುದಿಲ್ಲ. ನಮ್ಮಲ್ಲಿ 4ರಿಂದ ಒಮ್ಮೆ ಭಾಗಿಸಿದರೆ 144026, ಅದು ಮತ್ತೆ 4ರಿಂದ ಹೋಗುವುದಿಲ್ಲ, 8ರಿಂದ ಭಾಗಿಸಿದಾಗ ಶೇಷ 2. ಹುಡುಕಾಟವನ್ನು ಈ ಚಿಕ್ಕ ಸಂಖ್ಯೆಯಲ್ಲೇ ಮಾಡಬೇಕು, ಏಕೆಂದರೆ ಮೂರು ವರ್ಗಗಳ ಮೊತ್ತ 4ರಿಂದ ಭಾಗವಾದರೆ ಮೂರೂ ಸಮಸಂಖ್ಯೆಗಳ ವರ್ಗಗಳೇ ಆಗಿರುತ್ತವೆ. 144026ರಿಂದ 379, 378, 377ರ ವರ್ಗಗಳನ್ನು ಕಳೆದರೆ ಉಳಿಯುವ 385, 1142, 1897 ಮೇಲಿನ ನಿಯಮದ ಪ್ರಕಾರ ಎರಡು ವರ್ಗಗಳ ಮೊತ್ತವಾಗಲಾರವು. 376ರ ವರ್ಗ ಕಳೆದರೆ ಉಳಿಯುವ 2650 ಆಗುತ್ತದೆ: 51ರ ವರ್ಗ 2601, 7ರ ವರ್ಗ 49. ಮೂರನ್ನೂ ಇಮ್ಮಡಿ ಮಾಡಿದರೆ 576104 = 752² + 102² + 14².

ವರ್ಗಗಳ ವ್ಯತ್ಯಾಸವಾಗಿ ಬರೆಯುವುದು ಇನ್ನೂ ಸುಲಭ. ಎರಡೂ ಸಮವಾಗಿರುವ ಅಪವರ್ತನ ಜೋಡಿಯೊಂದನ್ನು ತೆಗೆದುಕೊಂಡು, ಮೊತ್ತದ ಅರ್ಧ ಮತ್ತು ವ್ಯತ್ಯಾಸದ ಅರ್ಧ ತೆಗೆದರಾಯಿತು. 404 × 1426ರಿಂದ 915² − 511² = 837225 − 261121 = 576104. ಇಂತಹ ಜೋಡಿಗಳು 8, ಹಾಗಾಗಿ ಬಗೆಗಳೂ 8. 713 × 808ರಲ್ಲಿ ಒಂದು ಬೆಸ ಇರುವುದರಿಂದ ಅದನ್ನು ಬಳಸಿದರೆ ಅರೆಗಳು ಬಂದು ಕೆಲಸ ಕೆಡುತ್ತದೆ.

ಹಂತ 10: ಅಂಕಿಗಳ ಮೇಲೆ ನಿಂತ ಗುಣಗಳು

ಈ ಹಂತವನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ. ಇಲ್ಲಿಯ ತನಕ ಕಂಡದ್ದು ಸಂಖ್ಯೆಯ ಗುಣ. ಇನ್ನು ಕಾಣುವುದು ನಾವು ಅದನ್ನು ಹತ್ತರ ಪದ್ಧತಿಯಲ್ಲಿ ಬರೆಯುವ ರೀತಿಯ ಗುಣ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬಾರದು.

ಅಂಕಿಗಳ ಮೊತ್ತ 23, ಸಂಖ್ಯೆ 23ರಿಂದ ಭಾಗವಾಗಿ 25048 ಕೊಡುತ್ತದೆ. ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳಿಗೆ ಹರ್ಷದ ಸಂಖ್ಯೆ ಎಂದು ಹೆಸರಿಟ್ಟವರು ಡಿ. ಆರ್. ಕಾಪ್ರೇಕರ್. ವರ್ಗಮೂಲದ ಉಳಿಕೆಯೂ 23, ಅಂಕಿಗಳ ಮೊತ್ತವೂ 23, ಅಪವರ್ತನವೂ 23 ಎಂದು ಕಂಡಾಗ ಮಕ್ಕಳ ಕಣ್ಣು ಅರಳುತ್ತದೆ, ಮನೆಯ ಹಿರಿಯರು ಸಂಖ್ಯಾಶಾಸ್ತ್ರದ ಕಡೆಗೆ ಮಾತು ಹೊರಳಿಸುತ್ತಾರೆ. ಇವುಗಳಲ್ಲಿ ಒಂದು ಭಾಗಕ್ಕೆ ಕಾರಣವಿದೆ: ಸಂಖ್ಯೆಯೂ 759ರ ವರ್ಗವೂ 23ರ ಗುಣಕಗಳಾದ್ದರಿಂದ ಉಳಿಕೆ 23ರ ಗುಣಕವಾಗಲೇಬೇಕು. ಉಳಿದದ್ದು ಕಾಕತಾಳೀಯ.

ಅದನ್ನು ಪರೀಕ್ಷಿಸಲು ಬೇರೆ ಪದ್ಧತಿಯಲ್ಲಿ ಬರೆದು ನೋಡಬೇಕು. ದ್ವಿಮಾನ ಪದ್ಧತಿಯಲ್ಲಿ ಇದು 1000 1100 1010 0110 1000, ಒಟ್ಟು 20 ಅಂಕಿಗಳು, ಅವುಗಳಲ್ಲಿ ಒಂದುಗಳು 8. ಕೊನೆಯ ಮೂರು ಸೊನ್ನೆಗಳು 2³ನ್ನೇ ಹೇಳುತ್ತಿವೆ. ಇಲ್ಲಿಯೂ ಅಂಕಿಗಳ ಮೊತ್ತವಾದ 8 ಸಂಖ್ಯೆಯನ್ನು ಭಾಗಿಸುತ್ತದೆ. ಆದರೆ ಹದಿನಾರರ ಪದ್ಧತಿಯಲ್ಲಿ ಅಂಕಿಗಳು 8, 12, 10, 6, 8; ಮೊತ್ತ 44, ಅದರಲ್ಲಿ 11 ಇದೆ, ಸಂಖ್ಯೆಯಲ್ಲಿ ಇಲ್ಲ. ಹರ್ಷ ಅಲ್ಲಿಗೆ ಮುಗಿಯಿತು.

ಹತ್ತರ ಪದ್ಧತಿಗೆ ಸೇರಿದ ಇನ್ನೊಂದು ಗುಣ 1 ÷ 576104ರ ದಶಮಾಂಶ. ಅಪವರ್ತನಗಳು ಗೊತ್ತಿದ್ದರೆ ಭಾಗಿಸದೆಯೇ ಹೇಳಬಹುದು: 2³ ಇರುವ ಕಾರಣ ಮೊದಲ ಮೂರು ದಶಮಾಂಶ ಸ್ಥಾನಗಳು ಆವರ್ತನೆಗೆ ಸೇರುವುದಿಲ್ಲ. ಆ ಮೇಲಿನ ಆವರ್ತನೆಯ ಉದ್ದ 23, 31, 101ರ ಆವರ್ತನೆಗಳಾದ 22, 15, 4ರ ಲ.ಸಾ.ಅ., ಅಂದರೆ 660 ಸ್ಥಾನಗಳು. ಮೂರನ್ನೂ ಗುಣಿಸಿ 1320 ಎಂದು ಬರೆಯುವವರು 22 ಮತ್ತು 4ರಲ್ಲಿ ಸಾಮಾನ್ಯವಾಗಿರುವ 2ನ್ನು ಮರೆತಿರುತ್ತಾರೆ. ಕ್ಯಾಲ್ಕುಲೇಟರ್ ಇದನ್ನು ತೋರಿಸಲಾರದು. ಅದರ ಪರದೆಯಲ್ಲಿ ಆವರ್ತನೆ ಕಾಣಿಸಲಿಲ್ಲವೆಂದು "ಆವರ್ತವಲ್ಲದ ದಶಮಾಂಶ" ಎಂದು ಬರೆದರೆ ಅದು ದೊಡ್ಡ ತಪ್ಪು.

ಕೈ ಪಳಗಿಸಲು: ಮಂಗಳೂರಿನ 575001

ಇದೇ ಕ್ರಮದಲ್ಲಿ ಮಂಗಳೂರಿನ 575001ನ್ನು ಮಾಡಿ ನೋಡಿ. ಉತ್ತರಗಳು ಹೀಗಿರಬೇಕು: 3² × 7 × 9127, ಅಪವರ್ತನಗಳು 12, ಅವುಗಳ ಮೊತ್ತ 949312, ಸಹ-ಅವಿಭಾಜ್ಯಗಳು 328536. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತ 374311 ಮಾತ್ರ, ಹಾಗಾಗಿ ಇದು ನ್ಯೂನ. ಅಂಕಿಗಳ ಮೊತ್ತ 18, ಸಂಖ್ಯೆ ಬೆಸ, ಹಾಗಾಗಿ ಹರ್ಷದವೂ ಅಲ್ಲ.

ಇಲ್ಲಿನ ಕಷ್ಟ 3131ರದ್ದಕ್ಕೆ ನೇರ ವಿರುದ್ಧ. 9127 ನಿಜವಾಗಿಯೂ ಅವಿಭಾಜ್ಯ, ಆದರೆ ಹಾಗೆ ಹೇಳುವ ಹಕ್ಕು ಬರಬೇಕಾದರೆ 95ರ ಗಡಿಯ ತನಕ, 7ರಿಂದ 89ರ ವರೆಗಿನ 21 ಅವಿಭಾಜ್ಯಗಳನ್ನೂ ನೋಡಿರಬೇಕು. ಎರಡು ಕಡೆ ಜಾರುವ ಸಂಭವವಿದೆ. 13ರಿಂದ ಭಾಗಿಸಿದರೆ 702.07692, ಶೇಷ 1. 73ರಿಂದ ಭಾಗಿಸಿದರೆ 125.02739, ಶೇಷ 2. ಬಿಂದುವಿನ ಮುಂದಿನ ಸೊನ್ನೆಯನ್ನು ಕಂಡು "ಹೋಯಿತು" ಎಂದು ಬರೆದುಬಿಟ್ಟ ಪುಸ್ತಕಗಳು ನನ್ನ ಮೇಜಿನ ಮೇಲೆ ಈಗಲೂ ಎರಡಿವೆ.